ಪ್ಯಾರಸಿಟಮಾಲ್: ಅಡ್ಡ ಪರಿಣಾಮಗಳು ಮತ್ತು ಅತಿ ಸೇವನೆಯ ಅಪಾಯ

ಜ್ವರ, ತಲೆನೋವು, ಮೈಕೈ ನೋವು ಬಂದ ಕೂಡಲೇ ನಾವು ಹುಡುಕುವುದು ಪ್ಯಾರಸಿಟಮಾಲ್ ಮಾತ್ರೆಯನ್ನು. ಕ್ರೋಸಿನ್, ಕ್ಯಾಲ್ಪಾಲ್, ಡೋಲೊ 650 ಹೀಗೆ ಹೆಸರು ಹಲವು. ಒಳಗಿರುವ ಮದ್ದು ಒಂದೇ. ಮಿತಿಯಲ್ಲಿದ್ದರೆ ಇದು ಬಹುಪಾಲು ಜನರಿಗೆ ಸುರಕ್ಷಿತ. ಮಿತಿ ಮೀರಿದರೆ ಪ್ರಾಣಕ್ಕೇ ಅಪಾಯ.

ಎಷ್ಟು ಸೇವಿಸಬಹುದು?
ಆರೋಗ್ಯವಂತ ವಯಸ್ಕರು ಒಮ್ಮೆಗೆ 500ರಿಂದ 1,000 ಮಿ.ಗ್ರಾಂ., 4ರಿಂದ 6 ಗಂಟೆಗಳ ಅಂತರದಲ್ಲಿ ಸೇವಿಸಬಹುದು. 24 ಗಂಟೆಗಳಲ್ಲಿ 4,000 ಮಿ.ಗ್ರಾಂ. ಮೀರಲೇಬಾರದು. ಅಂದರೆ 500ರ ಮಾತ್ರೆ 8, 650ರದ್ದು 6. ಲಿವರ್ ಕಾಯಿಲೆ ಇರುವವರು, ನಿತ್ಯ ಮದ್ಯ ಸೇವಿಸುವವರು, ತೂಕ ತೀರಾ ಕಡಿಮೆ ಇರುವವರು ವೈದ್ಯರನ್ನು ಕೇಳಿಯೇ ಸೇವಿಸಬೇಕು. ಅವರಿಗೆ ಮಿತಿ ಇನ್ನೂ ಕಡಿಮೆ.

ಶೀತದ ಹಲವು ಮಾತ್ರೆಗಳಲ್ಲಿ, ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಬೆರೆಸಿದ ನೋವಿನ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಇರುವುದುಂಟು. ಜ್ವರಕ್ಕೊಂದು, ಸೊಂಟನೋವಿಗೊಂದು ಎಂದು ನುಂಗುವವರು ತಿಳಿಯದೆಯೇ ಮಿತಿ ದಾಟುತ್ತಾರೆ. ಸ್ಟ್ರಿಪ್‌ನ ಹಿಂಬದಿ ಓದಿ ನೋಡಿ.

ಮಕ್ಕಳಿಗೆ
ಮಕ್ಕಳಿಗೆ ತೂಕವೇ ಲೆಕ್ಕ: ಒಂದು ಕಿಲೋ ತೂಕಕ್ಕೆ ಒಮ್ಮೆಗೆ 10ರಿಂದ 15 ಮಿ.ಗ್ರಾಂ. ಶಿಶುಗಳ ಡ್ರಾಪ್ಸ್ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, ಸಿರಪ್ 5 ಮಿ.ಲೀ.ಗೆ 120 ಅಥವಾ 250. ಡ್ರಾಪ್ಸನ್ನು ಸಿರಪ್‌ನಂತೆ ಚಮಚದಲ್ಲಿ ಕೊಟ್ಟರೆ ದೊಡ್ಡವರ ಮಾತ್ರೆಯಷ್ಟು ಮದ್ದು ಮಗುವಿನ ಹೊಟ್ಟೆ ಸೇರುತ್ತದೆ.

ಅಡ್ಡ ಪರಿಣಾಮಗಳು
ಇವು ಅಪರೂಪ. ಮೈಮೇಲೆ ದದ್ದು, ತುರಿಕೆ, ಬೊಬ್ಬೆ, ಮುಖದ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರಲ್ಲಿಗೆ ಹೋಗಬೇಕು.

ಅತಿ ಸೇವನೆಯಾದರೆ
ಈ ಮದ್ದು ಲಿವರ್‌ನಲ್ಲಿ ಕರಗುವಾಗ ಸ್ವಲ್ಪ ವಿಷವಸ್ತು ಹುಟ್ಟುತ್ತದೆ. ಗ್ಲುಟಾಥಯೋನ್ ಎಂಬ ದ್ರವ್ಯ ಅದನ್ನು ನಿರ್ವಿಷಗೊಳಿಸುತ್ತದೆ. ಪ್ರಮಾಣ ಹೆಚ್ಚಾದಾಗ ಗ್ಲುಟಾಥಯೋನ್ ಮುಗಿದು, ಲಿವರ್‌ನ ಜೀವಕೋಶಗಳು ಸಾಯತೊಡಗುತ್ತವೆ.

ಮೊದಲ ದಿನ ಬರೀ ವಾಕರಿಕೆ, ವಾಂತಿ. ಕೆಲವೊಮ್ಮೆ ಏನೂ ಇಲ್ಲ. ಎರಡು ಮೂರು ದಿನಗಳಲ್ಲಿ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು, ಬಳಿಕ ಕಣ್ಣು ಹಳದಿಯಾಗುವುದು. ಅಷ್ಟು ಹೊತ್ತಿಗೆ ಲಿವರ್‌ಗೆ ಹಾನಿಯಾಗಿರುತ್ತದೆ.

ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. 8 ಗಂಟೆಯೊಳಗೆ ಕೊಟ್ಟರೆ ಅತ್ಯಂತ ಪರಿಣಾಮಕಾರಿ, ತಡವಾದರೂ ಪ್ರಯೋಜನವಿದೆ. ಆದ್ದರಿಂದ ಲಕ್ಷಣಗಳಿಗಾಗಿ ಕಾಯಬೇಡಿ. ಖಾಲಿ ಸ್ಟ್ರಿಪ್ ಸಹಿತ ಆಸ್ಪತ್ರೆಗೆ ಧಾವಿಸಿ, ಎಷ್ಟು ಮಾತ್ರೆ, ಯಾವ ಹೊತ್ತಿಗೆ ಎಂದು ತಿಳಿಸಿ.

ಮನೆಯಲ್ಲಿ ಯಾರಾದರೂ ಮನನೊಂದು ಮಾತ್ರೆಗಳನ್ನು ನುಂಗಿದ್ದರೆ, "ಈಗ ಆರಾಮಾಗಿದ್ದೇನೆ" ಎಂಬ ಅವರ ಮಾತಿಗೆ ಸುಮ್ಮನಾಗಬೇಡಿ. ಬೈಯಬೇಡಿ, ಮುಚ್ಚಿಡಬೇಡಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿನ ನೋವು ಹೇಳಿಕೊಳ್ಳಲು ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ.