ಸಕಾಲ: ತಾಲ್ಲೂಕು ಕಚೇರಿಗಳ ಸಾಧನೆ ಅಳೆಯುವ ಬಗೆ

ಸರ್ಕಾರಿ ಕಚೇರಿಗಳ ಕಾರ್ಯವೈಖರಿಯನ್ನು ಪರಸ್ಪರ ಹೋಲಿಸುವ ಪದ್ಧತಿ ರಾಜ್ಯದ ಜನಸಾಮಾನ್ಯರಿಗೆ ಪರಿಚಿತವಾದದ್ದು ಬಹುಮಟ್ಟಿಗೆ ಸಕಾಲ ಯೋಜನೆಯಿಂದ. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಅಧಿನಿಯಮದಡಿ, 2012ರ ಮಾರ್ಚ್ 1ರಂದು ಪ್ರತಿ ಕಂದಾಯ ವಿಭಾಗದ ಒಂದು ತಾಲ್ಲೂಕಿನಲ್ಲಿ ಇದು ಪ್ರಾಯೋಗಿಕವಾಗಿ ಆರಂಭವಾಯಿತು. ಔರಾದ, ಚಿತ್ರದುರ್ಗ, ಪುತ್ತೂರುಗಳ ಜೊತೆ ಆಯ್ಕೆಯಾದ ನಾಲ್ಕನೆಯ ತಾಲ್ಲೂಕು ಧಾರವಾಡ. ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಯೋಜನೆ ರಾಜ್ಯಾದ್ಯಂತ ಜಾರಿಗೊಂಡಾಗ ನವಲಗುಂದ, ಕುಂದಗೋಳ, ಕಲಘಟಗಿ ತಾಲ್ಲೂಕುಗಳೂ ಅದರ ವ್ಯಾಪ್ತಿಗೆ ಬಂದವು.

ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ನೀಡಬೇಕು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವುಂಟು. ಅದನ್ನು ಹೊಣೆಗಾರ ನೌಕರರ ವೇತನದಿಂದ ವಸೂಲು ಮಾಡಲಾಗುತ್ತದೆ. ದಂಡದ ಮೊತ್ತ ಅಲ್ಪವೇ. ಆದರೆ ಪ್ರತಿ ಅರ್ಜಿಯ ಸ್ವೀಕಾರ ಮತ್ತು ವಿಲೇವಾರಿ ದಿನಾಂಕಗಳು ದಾಖಲಾದುದರಿಂದ ಜಿಲ್ಲೆ, ತಾಲ್ಲೂಕುಗಳ ಸ್ಥಾನವನ್ನು ಅಂಕಿಅಂಶಗಳ ಆಧಾರದಲ್ಲಿ ನಿರ್ಧರಿಸುವುದು ಸಾಧ್ಯವಾಯಿತು.

ತೊಡಕು ಇರುವುದೂ ಇಲ್ಲಿಯೇ. ಅವಧಿಯೊಳಗೆ ತಿರಸ್ಕೃತವಾದ ಅರ್ಜಿಯೂ ಸಕಾಲದ ಲೆಕ್ಕದಲ್ಲಿ ವಿಲೇವಾರಿಯಾದದ್ದೇ. ಸ್ವೀಕೃತಿ ನೀಡದೆ ಇರಿಸಿಕೊಂಡ ಅರ್ಜಿಯಂತೂ ಲೆಕ್ಕಕ್ಕೇ ಬಾರದು. ಶೇಕಡಾವಾರು ಸಾಧನೆಯಲ್ಲಿ ಮುಂದಿರುವ ಕಚೇರಿಗೆ ಪ್ರಶಂಸೆ ದೊರೆತೀತು. ಕಾಗದ ಹಿಂತಿರುಗಿದ ಹಳ್ಳಿಯ ಕೂಲಿಕಾರನಿಗೆ ಮಾತ್ರ ಇನ್ನೊಂದು ದಿನದ ದುಡಿಮೆ ನಷ್ಟ. ಆದ್ದರಿಂದ ತಿರಸ್ಕಾರದ ಪ್ರಮಾಣ ಹಾಗೂ ಜನಸಂಖ್ಯೆಗೆ ಅನುಗುಣವಾಗಿ ಬಂದ ಅರ್ಜಿಗಳ ಸಂಖ್ಯೆಯನ್ನು ನೋಡದ ಶ್ರೇಯಾಂಕ ಅರೆಬರೆಯಾದದ್ದು.

ಹೋಲಿಕೆ ಒಂದೇ ಸೇವೆಗೆ, ಒಂದೇ ತಿಂಗಳಿಗೆ ಸೀಮಿತವಾಗಿರುವುದೂ ಅವಶ್ಯ. ಶಾಲಾ ಪ್ರವೇಶದ ಜೂನ್ ತಿಂಗಳಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳ ಅರ್ಜಿಗಳು ನಾಡಕಚೇರಿಗಳಲ್ಲಿ ರಾಶಿ ಬೀಳುತ್ತವೆ. ಮಲಪ್ರಭಾ ಕಾಲುವೆಯ ಎರೆಭೂಮಿಯ ನವಲಗುಂದಕ್ಕೂ ಕಾಡಂಚಿನ ಊರುಗಳಿರುವ ಕಲಘಟಗಿಗೂ ಜಮೀನಿನ ವ್ಯವಹಾರ ಒಂದೇ ಬಗೆಯದಲ್ಲ. 2017-18ರ ರಾಜ್ಯ ಬಜೆಟ್‌ನಲ್ಲಿ ಅಣ್ಣಿಗೇರಿ ಪ್ರತ್ಯೇಕ ತಾಲ್ಲೂಕೆಂದು ಘೋಷಿತವಾಗಿ ನವಲಗುಂದದಿಂದ ಬೇರ್ಪಟ್ಟಿತು. ನವಲಗುಂದದ ಹಳೆಯ ಅಂಕಿಅಂಶಗಳನ್ನು ಇಂದಿನವುಗಳೊಡನೆ ನೇರವಾಗಿ ತೂಗಿದರೆ ಕೆಲಸ ಕುಸಿದಂತೆ ತೋರಬಹುದು, ವಾಸ್ತವದಲ್ಲಿ ಕುಗ್ಗಿದ್ದು ತಾಲ್ಲೂಕಿನ ಗಡಿ.

ಆಡಳಿತ ಸುಧಾರಣೆಗೆ ನೆರವಾಗುವುದು ಸ್ಥಾನಕ್ಕಿಂತ ಅಂತರದ ಕಾರಣ. ಆದಾಯ ಪ್ರಮಾಣಪತ್ರದ ಅರ್ಜಿಗಳು ಒಂದು ತಾಲ್ಲೂಕಿನಲ್ಲಿ ಹೆಚ್ಚು ತಿರಸ್ಕೃತವಾಗುತ್ತಿದ್ದರೆ ಬೇಕಾದ ದಾಖಲೆಗಳ ಪಟ್ಟಿಯನ್ನು ಫಲಕದಲ್ಲಿ ಹಾಕಲಾಗಿದೆಯೇ, ಗ್ರಾಮ ಆಡಳಿತ ಅಧಿಕಾರಿಯ ಹುದ್ದೆ ಖಾಲಿಯಿದೆಯೇ, ಒಬ್ಬರ ಹೆಗಲಿಗೆ ಎಷ್ಟು ಊರುಗಳಿವೆ ಎಂಬುದನ್ನು ಪಕ್ಕದ ತಾಲ್ಲೂಕಿನೊಂದಿಗೆ ಹೋಲಿಸಿ ಪರಿಶೀಲಿಸಬೇಕಾಗುತ್ತದೆ.

ವಿಳಂಬ ಅಥವಾ ತಿರಸ್ಕಾರದ ವಿರುದ್ಧ ಅರ್ಜಿದಾರರು ಮೊದಲು ಸಕ್ಷಮ ಅಧಿಕಾರಿಗೆ, ಅನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಸ್ವೀಕೃತಿ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಕೊಟ್ಟ ದಿನವನ್ನು ಸಾಬೀತುಪಡಿಸುವುದೇ ಕಷ್ಟ.