ಕಿಸೆ ಸಣ್ಣದು, ಊರು ದೊಡ್ಡದು

ಜಗತ್ತಿನ ದುಬಾರಿ ನಗರಗಳ ಪಟ್ಟಿಯಲ್ಲಿ ಟೋಕಿಯೊ ದಶಕಗಳ ಕಾಲ ಮೇಲಿನ ಸಾಲಿನಲ್ಲೇ ಇತ್ತು. ಅಲ್ಲಿಗೆ ಹೋಗಿಬಂದವರು ನೋಡಿದ ಗುಡಿ, ಗೋಪುರಗಳ ಜೊತೆಗೆ ಊಟ, ಕಾಫಿಗೆ ಎಷ್ಟು ತೆತ್ತೆವೆಂಬುದನ್ನೂ ಹೇಳದೆ ಬಿಡುವುದಿಲ್ಲ. ಇದು ಇಂದು ನಿನ್ನೆಯ ರೂಢಿಯಲ್ಲ. ಆ ಊರಿಗೆ ಇನ್ನೂ ಎಡೊ ಎಂಬ ಹೆಸರಿದ್ದಾಗಲೇ, ಒಡನಾಡಿಗಳ ಜೊತೆ ಊರು ಸುತ್ತಿ, ಖರ್ಚುವೆಚ್ಚವನ್ನೆಲ್ಲ ಬರೆದಿಟ್ಟ ಸಮುರಾಯ್ ಒಬ್ಬನಿದ್ದ. ಅವನ ಹೆಸರು ಸಕಾಯ್ ಬಾನ್‌ಶಿರೊ.

ಸಮುರಾಯ್ ಎಂದೊಡನೆ ಕತ್ತಿ ಹಿರಿದು ನಿಂತ ವೀರನೊಬ್ಬ ನಮ್ಮ ಕಣ್ಣ ಮುಂದೆ ಬರುತ್ತಾನೆ. ಬಾನ್‌ಶಿರೊ ಅಂಥವನಲ್ಲ. ಇಂದಿನ ವಕಾಯಾಮ ಪ್ರದೇಶದಲ್ಲಿದ್ದ ಕಿಶು ಸಂಸ್ಥಾನದ ಕೆಳದರ್ಜೆಯ ನೌಕರ. ವಿಧ್ಯುಕ್ತ ಸಮಾರಂಭಗಳಲ್ಲಿ ನಿಲುವಂಗಿಗಳನ್ನು ತೊಡುವ ಸರಿಯಾದ ಕ್ರಮವನ್ನು ತಿಳಿಸಿಕೊಡುವುದು ಅವನ ಕೆಲಸ. 1860ರಲ್ಲಿ, 28ರ ಪ್ರಾಯದಲ್ಲಿ, ಹೆಂಡತಿ ಮತ್ತು ಪುಟ್ಟ ಮಗಳನ್ನು ಊರಿನಲ್ಲೇ ಬಿಟ್ಟು, ಐದುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ ಸವೆಸಿ ಆತ ಎಡೊ ತಲುಪಿದ.

ಅವನು ಅಲ್ಲಿಗೆ ಬರಬೇಕಾದುದಾದರೂ ಏಕೆ? ಉತ್ತರ ಆ ಕಾಲದ ರಾಜ್ಯಾಡಳಿತದಲ್ಲಿದೆ. ಸಾಮಂತರು ದಂಗೆಯೇಳದಂತೆ ತಡೆಯಲು ತೊಕುಗಾವ ಶೋಗನ್‌ಗಳು 1635ರಲ್ಲಿ ಒಂದು ನಿಯಮವನ್ನು ಗಟ್ಟಿಗೊಳಿಸಿದರು. ಸಾಮಾನ್ಯವಾಗಿ ಪ್ರತಿಯೊಬ್ಬ ಸಾಮಂತನೂ ಒಂದು ವರ್ಷ ತನ್ನ ಸೀಮೆಯಲ್ಲಿ, ಮರುವರ್ಷ ಎಡೊದಲ್ಲಿ ಇರಬೇಕು. ಅವನ ಪತ್ನಿ ಮತ್ತು ಉತ್ತರಾಧಿಕಾರಿ ಎಂದೆಂದಿಗೂ ಎಡೊದಲ್ಲೇ ಇರಬೇಕು. ಹೆಸರಿಗೆ ವಾಸ್ತವ್ಯ, ನಿಜದಲ್ಲಿ ಒತ್ತೆ. ಈ ಓಡಾಟದಲ್ಲಿ ಸಾಮಂತರ ಬೊಕ್ಕಸ ಬರಿದಾಯಿತು. ಎಡೊ ಮಾತ್ರ ಸುಮಾರು 10 ಲಕ್ಷ ಜನರ ಮಹಾನಗರವಾಗಿ ಬೆಳೆಯಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಮುರಾಯ್ ವರ್ಗದವರು. ಒಡೆಯರ ಹಿಂದೆ ಬಂದ ಆಳುಕಾಳುಗಳದೇ ಒಂದು ದಂಡು.

ಹೀಗೆ ಬಂದವರಿಗೆ ಸಂಸ್ಥಾನದ ಬಿಡಾರದಲ್ಲಿ ಸಾಲುಮನೆಗಳಿದ್ದವು. ಬಾನ್‌ಶಿರೊ ತನ್ನ ಚಿಕ್ಕಪ್ಪ ಮುಂತಾದವರೊಡನೆ ಬಾಳಿದ. ಅನ್ನ ಬೇಯಿಸುವುದು ಸರದಿಯ ಮೇಲೆ, ನಂಚಿಕೊಳ್ಳುವುದು ಅವರವರದು. ತಾನು ಮಾಡಿಟ್ಟಿದ್ದನ್ನು ಚಿಕ್ಕಪ್ಪ ತಿಂದು ಮುಗಿಸಿದನೆಂಬ ಗೊಣಗಾಟವೂ ದಿನಚರಿಯಲ್ಲಿದೆ. ತಿಂಗಳಿಗೆ ಕೆಲಸವಿದ್ದದ್ದು ಕೆಲವೇ ದಿನ. ಹೊತ್ತು ಬೇಕಾದಷ್ಟು, ಹಣ ಅಷ್ಟಕ್ಕಷ್ಟೆ. ಅಂಥವರು ಏನು ಮಾಡಬೇಕು? ಓರಗೆಯವರನ್ನು ಕೂಡಿಕೊಂಡು ಊರು ನೋಡಲು ಹೊರಟರು.

ಎಡೊದ ವಿಶೇಷವಿರುವುದೇ ಇಲ್ಲಿ. ಅಲ್ಲಿ ನೋಡತಕ್ಕದ್ದರ ಬಹುಪಾಲು ಕಾಸಿಲ್ಲದೆ ಸಿಗುತ್ತಿತ್ತು. ಅಸಾಕುಸದ ಸೆನ್ಸೊಜಿ ದೇವಾಲಯಕ್ಕೆ ಯಾರು ಬೇಕಾದರೂ ಹೋಗಬಹುದು. ಅದರ ಅಂಗಳವೇ ಒಂದು ಜಾತ್ರೆ. 1657ರ ಮಹಾ ಅಗ್ನಿದುರಂತದ ಬಳಿಕ ಸುಮಿದಾ ನದಿಗೆ ರ್‍ಯೊಗೊಕು ಸೇತುವೆ ಬಂತು. ಬೆಂಕಿ ಹಬ್ಬದಿರಲೆಂದು ಅದರ ಬಳಿ ಖಾಲಿ ಬಿಟ್ಟ ಬಯಲೇ ಮುಂದೆ ಚಹಾ ಅಂಗಡಿ, ಆಟ ನೋಟಗಳ ತಾಣವಾಯಿತು. ಸ್ವತಃ ಕಿಶು ಸಂಸ್ಥಾನದಿಂದ ಬಂದಿದ್ದ ಎಂಟನೆಯ ಶೋಗನ್ ಯೊಶಿಮುನೆ, 1720ರ ಸುಮಾರಿಗೆ ಅಸುಕಾಯಾಮ ಗುಡ್ಡದ ಮೇಲೆ ಚೆರಿ ಗಿಡಗಳನ್ನು ನೆಡಿಸಿ, ಮುಂದೆ ಅದನ್ನು ಜನರಿಗೆ ಬಿಟ್ಟುಕೊಟ್ಟ. ಸಾಮಂತರ ಮೆರವಣಿಗೆಯಂತೂ ಬೀದಿಯಲ್ಲೇ ನಡೆಯುತ್ತಿತ್ತು. ಯಾವ ಲಾಂಛನ ಯಾರದೆಂದು ಗುರುತಿಸಲು ಕೈಪಿಡಿಗಳೂ ಮಾರಾಟಕ್ಕಿದ್ದವು.

ಊರು ನೋಡುವವರಿಗಾಗಿಯೇ ಪುಸ್ತಕಗಳು ಹುಟ್ಟಿದವು. ಸೈತೊ ಮನೆತನದ ಮೂರು ತಲೆಮಾರಿನವರು ಶ್ರಮಿಸಿದ ‘ಎಡೊ ಮೇಯ್ಶೊ ಜುಯೆ’ ಎಂಬ ಸಚಿತ್ರ ಸ್ಥಳಪರಿಚಯ 1834 ಮತ್ತು 1836ರಲ್ಲಿ ಹೊರಬಂತು. 1856ರಿಂದ ಹಿರೊಶಿಗೆ ಎಡೊದ ನೂರು ಪ್ರಸಿದ್ಧ ನೋಟಗಳ ಮುದ್ರಿತ ಚಿತ್ರಗಳನ್ನು ರಚಿಸತೊಡಗಿದ. ಇಂಥ ಚಿತ್ರಗಳು ಸಾಮಾನ್ಯರ ಕೈಗೂ ಎಟುಕುತ್ತಿದ್ದವು.

ಆದರೂ ಈ ಸಂಚಾರಿಗಳಿಗೆ ಮುಜುಗರ ತಪ್ಪಿದ್ದಲ್ಲ. ಹಳ್ಳಿಗಾಡಿನ ಸಮುರಾಯ್‌ಗಳು ತೊಡುತ್ತಿದ್ದ ಮೇಲಂಗಿಯ ಒಳಪದರ ತಿಳಿನೀಲಿ ಬಣ್ಣದ ಅಗ್ಗದ ಹತ್ತಿಬಟ್ಟೆಯದು. ಅದನ್ನೇ ಹಿಡಿದು ಎಡೊದ ಜನ ಅವರಿಗೆ ‘ಅಸಾಗಿಉರ’, ಅಂದರೆ ‘ತಿಳಿನೀಲಿ ಪದರದವರು’ ಎಂದು ಅಡ್ಡಹೆಸರಿಟ್ಟು ನಗುತ್ತಿದ್ದರು. ಗುಂಪಾಗಿ ಹೋದರೆ ಖರ್ಚಷ್ಟೇ ಅಲ್ಲ, ಈ ನಗೆಯನ್ನು ಎದುರಿಸುವುದೂ ಹಗುರ.

ಬಾನ್‌ಶಿರೊ ಬಂದದ್ದು ಕೆಟ್ಟ ಕಾಲದಲ್ಲಿ. 1859ರಲ್ಲಿ ಯೊಕೊಹಾಮ ಬಂದರು ವಿದೇಶೀಯರಿಗೆ ತೆರೆದ ಮೇಲೆ ಬೆಲೆಗಳು ಏರತೊಡಗಿದ್ದವು. 1860ರ ಮಾರ್ಚ್‌ನಲ್ಲಿ ಶೋಗನ್‌ನ ಪ್ರಧಾನ ಆಡಳಿತಗಾರ ಈಯ್ ನಾವೊಸುಕೆಯ ಕೊಲೆ ಕೋಟೆಯ ಬಾಗಿಲಲ್ಲೇ ನಡೆದಿತ್ತು. ಇತಿಹಾಸಕಾರರು ಯುಗಾಂತ್ಯವನ್ನು ಗುರುತಿಸುವ ಆ ದಿನಗಳಲ್ಲಿ, ಬಾನ್‌ಶಿರೊ ಸೊಬಾ ಎಂಬ ಶ್ಯಾವಿಗೆಯ ಊಟಕ್ಕೆಷ್ಟು, ಮದ್ಯಕ್ಕೆಷ್ಟು ಎಂದು ಲೆಕ್ಕ ಬರೆಯುತ್ತಿದ್ದ. ಪ್ರಾಣಿಮಾಂಸ ಮಡಿಗೆ ಸಲ್ಲದೆಂಬ ಭಾವನೆಯಿದ್ದ ನಾಡಿನಲ್ಲಿ, ನೆಗಡಿಗೆ ಔಷಧವೆಂದು ಹಂದಿಮಾಂಸವನ್ನೂ ಕೊಂಡ. ಇದು ಅವಿವೇಕವಲ್ಲ. ಹೆಂಡತಿ ಮಕ್ಕಳಿಂದ ದೂರವಿದ್ದು, ಎಣಿಸಿದ ಕಾಸಿನಲ್ಲಿ ದಿನ ದೂಡುವವನಿಗೆ ಪ್ರಪಂಚ ಕಾಣುವ ಬಗೆಯೇ ಹೀಗೆ.

ಅವನು 1861ರಲ್ಲಿ ಊರಿಗೆ ಮರಳಿದ. ಮರುವರ್ಷ ಶೋಗನ್ ಸರ್ಕಾರ ಆ ಹಳೆಯ ನಿಯಮವನ್ನು ಸಡಿಲಿಸಿತು. ಸಾಮಂತರ ಸಂಸಾರಗಳು ತಮ್ಮ ಸೀಮೆಗಳಿಗೆ ಹೊರಟವು; ಅವರನ್ನೇ ನಂಬಿದ್ದ ಅಂಗಡಿಗಳು ಬಣಗುಟ್ಟಿದವು. 1868ರಲ್ಲಿ ಶೋಗನ್ ಆಳ್ವಿಕೆ ಮುಗಿದು ಎಡೊ ಟೋಕಿಯೊ ಆಯಿತು. 1923ರ ಭೂಕಂಪ, 1945ರ ಬಾಂಬ್ ದಾಳಿಗಳಲ್ಲಿ ಹಳೆಯ ಊರಿನ ಬಹುಭಾಗ ಸುಟ್ಟುಹೋಯಿತು. ಇಂದಿನ ಸೆನ್ಸೊಜಿಯ ಮುಖ್ಯ ಮಂದಿರವೂ 1958ರಲ್ಲಿ ಮತ್ತೆ ಕಟ್ಟಿದ್ದು. ಅಕಸಾಕದಲ್ಲಿ ಕಿಶು ಒಡೆಯರ ಬಿಡಾರವಿದ್ದ ನೆಲದಲ್ಲಿ ಈಗ ಸರ್ಕಾರದ ಅತಿಥಿ ಅರಮನೆಯಿದೆ.

ಅರಮನೆಗಳ ಎಡೊವನ್ನು ತಿಳಿಯಲು ರಾಜಪತ್ರಗಳಿವೆ. ಆದರೆ ಸಣ್ಣ ಸಂಬಳದವನು ಆ ದೊಡ್ಡ ಊರನ್ನು ಹೇಗೆ ತನ್ನದಾಗಿ ಮಾಡಿಕೊಂಡನೆಂದು ತಿಳಿಯಲು ಇಂಥ ಲೆಕ್ಕದ ಪುಸ್ತಕವೇ ಬೇಕು. ಬಯಲು, ಸೇತುವೆ, ಗುಡ್ಡ, ಗುಡಿಯಂಗಳ ಎಲ್ಲರಿಗೂ ತೆರೆದಿದ್ದವು, ಜೊತೆಗೆ ನಡೆಯುವವರಿದ್ದರು. ಊರು ದುಬಾರಿಯಾದರೂ ಅವನ ಕೈಗೆ ದಕ್ಕಿದ್ದು ಇದರಿಂದಲೇ.