ಹಳೆಯ ಸೇನಾ ಮಾದರಿಯ ರೈಫಲ್‌ಗಳು: ವಾರಸು, ಸ್ವಾಧೀನ ಮತ್ತು ಮಾರ್ಪಾಡಿನ ಬಗ್ಗೆ ಸಾರ್ವಜನಿಕ ಮಾಹಿತಿ

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ತೋಟ, ಮಂಡಿ, ನಗದು ವ್ಯವಹಾರ ಇರುವ ಕಡೆ ಕಾವಲಿಗೆಂದು ಬಂದೂಕು ಇಟ್ಟುಕೊಳ್ಳುವ ರೂಢಿ ಹಳೆಯದು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ತೋಟಗಾರರಲ್ಲಿಯೂ ಬೆಳೆ ರಕ್ಷಣೆಗಾಗಿ ಪಡೆದ ಪರವಾನಗಿಗಳು ತಲೆಮಾರುಗಳಿಂದ ಮುಂದುವರಿದು ಬರುವುದುಂಟು. ಇವುಗಳಲ್ಲಿ ಹೆಚ್ಚಿನವು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳು ಅಥವಾ ಒಂಟಿ ನಳಿಗೆಯ ತೋಟಾ ಬಂದೂಕುಗಳು. ಅಪರೂಪವಾಗಿ ಮನೆಯ ಹಿರಿಯರು ತೀರಿಕೊಂಡ ನಂತರ ಅಟ್ಟದಲ್ಲಿಯೋ ಕಬ್ಬಿಣದ ಪೆಟ್ಟಿಗೆಯಲ್ಲಿಯೋ ಸೇನಾ ಮಾದರಿಯ ರೈಫಲ್ ದೊರೆಯುವುದುಂಟು. ಅಂತಹ ಆಯುಧಕ್ಕೆ ಅನ್ವಯಿಸುವ ನಿಯಮಗಳು ಸಾಮಾನ್ಯ ಬಂದೂಕಿನ ನಿಯಮಗಳಿಗಿಂತ ಭಿನ್ನವಾಗಿವೆ. ಸದರಿ ವ್ಯತ್ಯಾಸವನ್ನು ಅರಿಯದೆ ಆಯುಧವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವ ವಾರಸುದಾರರು, ಹಿರಿಯರು ಕಾನೂನುಬದ್ಧವಾಗಿ ಹೊಂದಿದ್ದ ವಸ್ತುವಿನ ಕಾರಣದಿಂದಲೇ ಆರೋಪಿಗಳಾಗುವ ಸಂಭವವಿದೆ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಆಯುಧವನ್ನು ಗುರುತಿಸುವುದು

ಭಾರತದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಹಳೆಯ ಸೇನಾ ರೈಫಲ್ ಎಂದರೆ ಲೀ-ಎನ್‌ಫೀಲ್ಡ್, ಜನರ ಮಾತಿನಲ್ಲಿ ‘ತ್ರೀ ನಾಟ್ ತ್ರೀ’. ಇದರ ಬೋರ್ .303 ಅಂಗುಲ. ಇಂಗ್ಲೆಂಡಿನ ಎನ್‌ಫೀಲ್ಡ್, ಆಸ್ಟ್ರೇಲಿಯಾದ ಲಿತ್‌ಗೋ ಹಾಗೂ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಗಳಲ್ಲಿ ಇದು ತಯಾರಾಯಿತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರು ಬಳಸಿದ್ದು ಇದನ್ನೇ. ಸೇನೆಯಿಂದ ಹಿಂದೆ ಸರಿದ ಮೇಲೆಯೂ ಪೊಲೀಸ್ ಪಡೆಗಳಲ್ಲಿ ದಶಕಗಳ ಕಾಲ ಉಳಿದಿತ್ತು. ಉತ್ತರ ಪ್ರದೇಶ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. 1960ರ ದಶಕದಲ್ಲಿ ಇಶಾಪುರದಲ್ಲಿಯೇ ಇದೇ ವಿನ್ಯಾಸವನ್ನು 7.62 ಮಿ.ಮೀ. ತೋಟಾಕ್ಕೆ ಹೊಂದಿಸಿ ಮತ್ತೊಂದು ಮಾದರಿಯನ್ನು ತಯಾರಿಸಲಾಯಿತು.

ತಯಾರಿಕಾ ಸ್ಥಳ, ವರ್ಷ ಮತ್ತು ಕಿರೀಟದ ಮುದ್ರೆಯನ್ನು ಸಾಮಾನ್ಯವಾಗಿ ಬೋಲ್ಟ್ ಹಿಡಿಯ ಕೆಳಗಿನ ಲೋಹದ ಪಟ್ಟಿಯ ಮೇಲೆ ಕಾಣಬಹುದು.

ಇದನ್ನೇ ಹೋಲುವ, ಆದರೆ ಕಾನೂನಿನಲ್ಲಿ ಬೇರೆಯೇ ಸ್ಥಾನವುಳ್ಳ ಮತ್ತೊಂದು ಆಯುಧವಿದೆ. ಅದು .315 ಬೋರಿನ ಸ್ಪೋರ್ಟಿಂಗ್ ರೈಫಲ್. ಸೇನೆಯ ತೋಟಾಗಳು ಖಾಸಗಿಯವರ ಕೈ ಸೇರಬಾರದೆಂಬ ಕಾರಣದಿಂದ ಬ್ರಿಟಿಷ್ ಆಡಳಿತವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸೇನಾ ಬೋರಿನ ರೈಫಲ್‌ಗಳ ಖಾಸಗಿ ಸ್ವಾಧೀನವನ್ನು ನಿರ್ಬಂಧಿಸಿತ್ತು. ಅದೇ ಧೋರಣೆ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ಹೀಗಾಗಿ ಲೀ-ಎನ್‌ಫೀಲ್ಡ್ ಯಂತ್ರಭಾಗವನ್ನೇ ಇಟ್ಟುಕೊಂಡು, ಸೇನೆಯ ತೋಟಾ ಹಿಡಿಸದಂತೆ .315 ಬೋರಿನಲ್ಲಿ ನಾಗರಿಕರಿಗಾಗಿ ರೈಫಲ್ ತಯಾರಿಸಲಾಯಿತು. ಹೊರನೋಟಕ್ಕೆ ಎರಡೂ ಒಂದೇ ಎನಿಸಬಹುದು. ವಾರಸುದಾರರು ಮೊದಲು ಹಳೆಯ ಪರವಾನಗಿ ಪುಸ್ತಕದಲ್ಲಿ ನಮೂದಾಗಿರುವ ಬೋರ್ ಮತ್ತು ಆಯುಧದ ಕ್ರಮ ಸಂಖ್ಯೆಯನ್ನು ನೋಡತಕ್ಕದ್ದು. ಮುಂದಿನ ಎಲ್ಲ ಕ್ರಮಗಳೂ ಈ ಒಂದು ನಮೂದಿನ ಮೇಲೆ ನಿಂತಿವೆ.

ಯಾವ ವರ್ಗಕ್ಕೆ ಸೇರುತ್ತದೆ

ಆಯುಧ ಕಾಯ್ದೆ 1959 ಹಾಗೂ ಆಯುಧ ನಿಯಮಗಳು 2016ರ ಪ್ರಕಾರ ಬಂದೂಕುಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. .303 ಅಥವಾ 7.62 ಮಿ.ಮೀ. ಸೇನಾ ತೋಟಾ ಹಿಡಿಸುವ ಬೋಲ್ಟ್ ರೈಫಲ್‌ಗಳು, .410 ಮಸ್ಕೆಟ್‌ಗಳು ಹಾಗೂ ಅರೆ-ಸ್ವಯಂಚಾಲಿತ ರೈಫಲ್‌ಗಳು ನಿರ್ಬಂಧಿತ ವರ್ಗದಲ್ಲಿವೆ. ಇವುಗಳಿಗೆ ಪರವಾನಗಿ ನೀಡುವ ಅಧಿಕಾರ ಕೇಂದ್ರ ಗೃಹ ಮಂತ್ರಾಲಯದ್ದು. ಕುದುರೆ ಒತ್ತಿ ಹಿಡಿದರೆ ಒಂದರ ಹಿಂದೆ ಒಂದರಂತೆ ಗುಂಡು ಹಾರುವ ಸ್ವಯಂಚಾಲಿತ ಆಯುಧಗಳು ನಿಷೇಧಿತ ವರ್ಗದವು. .315, .30-06 ಮುಂತಾದ ಸ್ಪೋರ್ಟಿಂಗ್ ರೈಫಲ್‌ಗಳು ಮತ್ತು ಸಾಮಾನ್ಯ ಬಂದೂಕುಗಳು ಅನುಮತಿಸಬಹುದಾದ ವರ್ಗಕ್ಕೆ ಸೇರಿದ್ದು, ಇವುಗಳ ಪರವಾನಗಿಯನ್ನು ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಜಿಲ್ಲಾಧಿಕಾರಿಗಳು ನೀಡುತ್ತಾರೆ.

‘ಇದು ನೂರು ವರ್ಷ ಹಳೆಯದು, ಪ್ರದರ್ಶನಕ್ಕೆ ಮಾತ್ರ, ಪರವಾನಗಿ ಏಕೆ?’ ಎಂಬ ಪ್ರಶ್ನೆ ಸಹಜ. ಕಾಯ್ದೆಯ 45(ಸಿ) ಕಲಂ ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ದುರಸ್ತಿ ಮಾಡದೆಯಾಗಲಿ, ಮಾಡಿಯಾಗಲಿ ಅದನ್ನು ಬಂದೂಕಾಗಿ ಬಳಸಲು ಸಾಧ್ಯವೇ ಇರಬಾರದು ಎಂಬ ಷರತ್ತೂ ಅದೇ ವಾಕ್ಯದಲ್ಲಿದೆ. 1917ರಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ತುಕ್ಕು ಹಿಡಿದಿದ್ದರೂ ಬೋಲ್ಟ್ ಮತ್ತು ನಳಿಗೆ ಸರಿಯಿದ್ದರೆ ಇಂದಿಗೂ ಗುಂಡು ಹಾರಿಸಬಲ್ಲದು. ವಯಸ್ಸು ಅದನ್ನು ವಿನಾಯಿತಿಗೆ ತರುವುದಿಲ್ಲ. 2020ರ ಫೆಬ್ರವರಿಯಲ್ಲಿ ಆದ ನಿಯಮ ತಿದ್ದುಪಡಿಯಂತೆ ಕ್ಯೂರಿಯೋ ವರ್ಗದ ಸಣ್ಣ ಆಯುಧಗಳನ್ನು ಹೊಂದಲು ಭಾರತೀಯ ನಾಗರಿಕರಿಗೆ ಪರವಾನಗಿ ಅಗತ್ಯವಿಲ್ಲವಾದರೂ, ಅವನ್ನು ಬಳಸಲು, ಒಯ್ಯಲು ಅಥವಾ ಸಾಗಿಸಲು ಪರವಾನಗಿ ಬೇಕು; ಪರವಾನಗಿಯಲ್ಲಿ ನಮೂದಿಲ್ಲದೆ ತೋಟಾ ಮಾರುವಂತಿಲ್ಲ. ತಮ್ಮ ಆಯುಧ ಕ್ಯೂರಿಯೋ ಎಂದು ಮಾಲೀಕರು ತಾವೇ ತೀರ್ಮಾನಿಸಿಕೊಳ್ಳುವುದು ಸುರಕ್ಷಿತವಲ್ಲ. ಜಿಲ್ಲಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯುವುದು ಉಚಿತ.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರವು ಪರವಾನಗಿಯಿಂದ ನೀಡಿರುವ ವಿನಾಯಿತಿಯು 2019ರಲ್ಲಿ ನವೀಕರಣಗೊಂಡು 2029ರ ಅಕ್ಟೋಬರ್‌ವರೆಗೆ ಜಾರಿಯಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಸದರಿ ವಿನಾಯಿತಿ ಚಿತ್ರದುರ್ಗ ಜಿಲ್ಲೆಯ ಇತರ ನಿವಾಸಿಗಳಿಗೆ ಅನ್ವಯಿಸುವುದಿಲ್ಲ.

ಪರವಾನಗಿದಾರರು ಮರಣ ಹೊಂದಿದಾಗ

ಹೆಚ್ಚಿನ ತೊಂದರೆಗಳು ಹುಟ್ಟುವುದು ಈ ಹಂತದಲ್ಲಿ. ಪರವಾನಗಿಯು ವ್ಯಕ್ತಿಗೆ ನೀಡಿದ್ದೇ ಹೊರತು ಮನೆಗೆ ಅಥವಾ ಆಯುಧಕ್ಕೆ ನೀಡಿದ್ದಲ್ಲ. ಜಮೀನಿನ ಪೌತಿ ಖಾತೆಯಂತೆ ಇದನ್ನು ಸಾವಕಾಶವಾಗಿ ಮಾಡಿಕೊಳ್ಳಬಹುದೆಂಬ ಭಾವನೆ ತಪ್ಪು. ಪರವಾನಗಿದಾರರು ಮೃತರಾದ ಕೂಡಲೇ ಆಯುಧದ ಸ್ವಾಧೀನವು ಮನೆಯವರ ಪಾಲಿಗೆ ಪರವಾನಗಿರಹಿತ ಸ್ವಾಧೀನವಾಗುತ್ತದೆ. ಕಾಯ್ದೆಯ 21ನೇ ಕಲಂ ಪ್ರಕಾರ ಅನಗತ್ಯ ವಿಳಂಬವಿಲ್ಲದೆ ಆಯುಧವನ್ನೂ ಮದ್ದುಗುಂಡುಗಳನ್ನೂ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡತಕ್ಕದ್ದು. ಠೇವಣಿ ಇಟ್ಟ ಮಾತ್ರಕ್ಕೆ ಆಯುಧ ಕೈಬಿಟ್ಟು ಹೋಗುವುದಿಲ್ಲ. ನಿಗದಿತ ಅವಧಿಯೊಳಗೆ ವಾರಸುದಾರರು ಪರವಾನಗಿ ಪಡೆದು ಹಿಂಪಡೆಯಬಹುದು ಅಥವಾ ಅರ್ಹರಿಗೆ ಮಾರಬಹುದು. ಅವಧಿ ಮೀರಿದರೆ ನೋಟೀಸು ನೀಡಿದ ನಂತರ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ಠಾಣೆಯಿಂದ ಪಡೆದ ಸ್ವೀಕೃತಿಯಲ್ಲಿ ಬೋರ್, ತಯಾರಕರ ಹೆಸರು, ಕ್ರಮ ಸಂಖ್ಯೆ, ತೋಟಾಗಳ ಸಂಖ್ಯೆ ಎಲ್ಲವೂ ನಮೂದಾಗಿವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು.

ಆಯುಧವನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತರುವುದು ಬೇಡ. ಮೊದಲು ಠಾಣೆಗೆ ಮರಣ ಪ್ರಮಾಣ ಪತ್ರ ಹಾಗೂ ಹಳೆಯ ಪರವಾನಗಿಯೊಂದಿಗೆ ಹೋಗಿ ವಿಷಯ ತಿಳಿಸಿ, ಠಾಣಾಧಿಕಾರಿಗಳು ಸೂಚಿಸಿದ ರೀತಿಯಲ್ಲಿ ತಲುಪಿಸುವುದು ಸೂಕ್ತ.

ವಾರಸು ಪರವಾನಗಿಗೆ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಮೂಲ ಪರವಾನಗಿ, ಠೇವಣಿ ಸ್ವೀಕೃತಿ ಹಾಗೂ ಇತರ ವಾರಸುದಾರರ ಒಪ್ಪಿಗೆ ಪತ್ರಗಳೊಂದಿಗೆ ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅಣ್ಣ-ತಮ್ಮಂದಿರಲ್ಲಿ ಮನಸ್ತಾಪವಿರುವ ಕುಟುಂಬಗಳಲ್ಲಿ ಒಪ್ಪಿಗೆ ಪತ್ರವೇ ಕಡತ ನಿಲ್ಲುವ ಸ್ಥಳ. ಆಸ್ತಿ ವಿಭಾಗದ ಮಾತುಕತೆಯೊಂದಿಗೇ ಇದನ್ನೂ ಬಗೆಹರಿಸಿಕೊಂಡರೆ ಕಾಲ ಉಳಿಯುತ್ತದೆ. ಹಿರಿಯರು ಬದುಕಿರುವಾಗಲೇ ವರ್ಗಾಯಿಸಲು ಸಹ ಅವಕಾಶವಿದೆ: ಪರವಾನಗಿದಾರರು 70 ವರ್ಷ ತಲುಪಿದ್ದರೆ ಅಥವಾ ಆಯುಧವನ್ನು 25 ವರ್ಷ ಹೊಂದಿದ್ದರೆ, ತಾವು ಸೂಚಿಸಿದ ವಾರಸುದಾರರಿಗೆ ಪರವಾನಗಿ ನೀಡುವಂತೆ ಕೋರಬಹುದು. ಅರ್ಜಿದಾರರು 21 ವರ್ಷ ತುಂಬಿದವರಾಗಿರಬೇಕು. ರೈಫಲ್ ನಿರ್ಬಂಧಿತ ವರ್ಗದ್ದಾಗಿದ್ದಲ್ಲಿ ಪ್ರಸ್ತಾವವು ಕೇಂದ್ರ ಗೃಹ ಮಂತ್ರಾಲಯಕ್ಕೆ ಹೋಗಬೇಕಾಗುತ್ತದೆ. ಜಿಲ್ಲಾ ಹಂತದಲ್ಲಿ ಮಂಜೂರಾತಿ ಸಾಧ್ಯವಿಲ್ಲ.

ಉದಾಹರಣೆಗೆ, ಅಡಿಕೆ ವ್ಯಾಪಾರದ ಕುಟುಂಬವೊಂದರಲ್ಲಿ ತಂದೆಯ ಹೆಸರಿನಲ್ಲಿ ಒಂದು .315 ರೈಫಲ್, ಒಂದು ಜೋಡಿ ನಳಿಗೆ ಬಂದೂಕು ಮತ್ತು ಅಜ್ಜನ ಕಾಲದ ಒಂದು ಮದ್ದಿನ ಕೋವಿ ಇತ್ತೆಂದು ಭಾವಿಸೋಣ. ಮಗನು ಮೂರನ್ನೂ ಪಡೆಯಲಾಗುವುದಿಲ್ಲ. 2019ರ ಡಿಸೆಂಬರ್ 14ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಮತ್ತು ವಾರಸಿನ ಆಯುಧಗಳೂ ಈ ಮಿತಿಯೊಳಗೇ ಬರುತ್ತವೆ. ವಿಧೇಯಕದಲ್ಲಿ ಮೊದಲು ಪ್ರಸ್ತಾಪವಾಗಿದ್ದುದು ಒಂದೇ ಬಂದೂಕು. ವಾರಸಿನ ಆಯುಧಗಳ ಕುರಿತ ಆಕ್ಷೇಪಗಳ ನಂತರ ಅದು ಎರಡಾಯಿತು. ಹೆಚ್ಚುವರಿ ಆಯುಧಗಳನ್ನು ಠೇವಣಿ ಇಡಲು ನೀಡಿದ್ದ ಒಂದು ವರ್ಷದ ಕಾಲಾವಕಾಶ 2020ರ ಡಿಸೆಂಬರ್‌ನಲ್ಲಿಯೇ ಮುಗಿದಿದೆ. ಮೇಲ್ಕಂಡ ಕುಟುಂಬದಲ್ಲಿ ಮೂರನೆಯ ಆಯುಧಕ್ಕೆ ಮಗಳು ಪ್ರತ್ಯೇಕ ಅರ್ಜಿ ಸಲ್ಲಿಸಬಹುದು, ಇಲ್ಲವೇ ಅದನ್ನು ಮಾರಬಹುದು.

ದುರಸ್ತಿ, ಬದಲಾವಣೆ ಮತ್ತು ಉತ್ತಮಗೊಳಿಸುವುದು

ಹಳೆಯ ರೈಫಲನ್ನು ‘ಹೊಸದಾಗಿಸುವ’ ಆಸೆ ಅನೇಕರಿಗಿರುತ್ತದೆ. ಒರೆಸುವುದು, ಎಣ್ಣೆ ಹಚ್ಚುವುದು, ನಳಿಗೆ ಶುಚಿ ಮಾಡುವುದು, ಪಟ್ಟಿ ಬದಲಿಸುವುದು ಪರವಾನಗಿದಾರರು ತಾವೇ ಮಾಡಬಹುದಾದ ಕೆಲಸ. ಹಳೆಯ .303 ತೋಟಾಗಳ ಕೇಪಿನಲ್ಲಿ ಲೋಹ ತಿನ್ನುವ ಲವಣಾಂಶ ಉಳಿಯುತ್ತಿದ್ದುದರಿಂದ ಸೈನಿಕರು ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದರು. ಅನೇಕ ಹಳೆಯ ನಳಿಗೆಗಳ ಒಳಗೆರೆಗಳು ಸವೆದಿರುವುದಕ್ಕೆ ಈ ಕೆಲಸ ತಪ್ಪಿದ್ದೂ ಒಂದು ಕಾರಣ. ಅಂತಹ ಆಯುಧದ ಜೊತೆ ಡಬ್ಬಿಯಲ್ಲಿ ದೊರೆತ ಹಳೆಯ ತೋಟಾಗಳನ್ನು ‘ನೋಡೋಣ’ ಎಂದು ಹಾರಿಸಕೂಡದು.

ಮರದ ಹಿಡಿ ಸೀಳಿದ್ದರೆ, ಗುರಿಕಣ್ಣು ಸಡಿಲಿದ್ದರೆ, ಬೋಲ್ಟ್ ಸರಿಯಾಗಿ ಕೂರದಿದ್ದರೆ ಪರವಾನಗಿ ಪಡೆದ ವ್ಯಾಪಾರಿ ಅಥವಾ ದುರಸ್ತಿದಾರರಲ್ಲಿಯೇ ಮಾಡಿಸತಕ್ಕದ್ದು. ಕಾಯ್ದೆಯ 5ನೇ ಕಲಂ ಪರವಾನಗಿಯಿಲ್ಲದೆ ಬಂದೂಕು ದುರಸ್ತಿ ಮಾಡುವುದನ್ನೂ ಪರೀಕ್ಷಿಸುವುದನ್ನೂ ನಿಷೇಧಿಸಿದೆ. ಊರಿನ ಕುಲುಮೆಯಲ್ಲಿ ಅಥವಾ ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡಿಸಿದರೆ ಮಾಡಿದವರೂ ಮಾಡಿಸಿದವರೂ ಕಷ್ಟಕ್ಕೆ ಸಿಲುಕುತ್ತಾರೆ.

ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು, .303 ನಳಿಗೆ ತೆಗೆದು ಬೇರೆ ಬೋರಿನ ನಳಿಗೆ ಕೂಡಿಸುವುದು ಅಥವಾ ಇನ್ನಾವುದೇ ರೀತಿಯಲ್ಲಿ ಒಂದು ವರ್ಗದ ಆಯುಧವನ್ನು ಮತ್ತೊಂದು ವರ್ಗಕ್ಕೆ ಪರಿವರ್ತಿಸುವುದು 6ನೇ ಕಲಂ ವ್ಯಾಪ್ತಿಗೆ ಬರುತ್ತದೆ. 2019ರ ತಿದ್ದುಪಡಿಯು ವರ್ಗ ಪರಿವರ್ತನೆಯನ್ನು ಸ್ಪಷ್ಟವಾಗಿ ಸೇರಿಸಿದೆ. ಇದಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿವರೆಗೆ ವಿಸ್ತರಿಸಬಹುದಾದ ಸೆರೆವಾಸ ಹಾಗೂ ದಂಡ ವಿಧಿಸಬಹುದು. ‘ನಿರ್ಬಂಧಿತ ಬೋರನ್ನು ಸಾಮಾನ್ಯ ಬೋರಾಗಿ ಮಾಡಿಸಿದರೆ ಪರವಾನಗಿ ಸುಲಭ’ ಎಂಬ ಸಲಹೆಯನ್ನು ಯಾರು ನೀಡಿದರೂ ಅದು ಅಪಾಯದ ಸಲಹೆ. ಶಬ್ದ ಅಥವಾ ಬೆಳಕನ್ನು ಅಡಗಿಸುವ ಸಾಧನಗಳು ತಾವೇ ಒಂದು ನಿಯಂತ್ರಿತ ವರ್ಗ, ಅವನ್ನು ಅಳವಡಿಸಿಕೊಳ್ಳುವಂತಿಲ್ಲ. ತಯಾರಕರ ಹೆಸರು, ಕ್ರಮ ಸಂಖ್ಯೆಗಳನ್ನು ಉಜ್ಜಿ ಅಳಿಸುವುದು 8ನೇ ಕಲಂ ಪ್ರಕಾರ ಅಪರಾಧ. ಹೊಳಪು ಕೊಡಿಸುವಾಗ ತಿಳಿಯದೆ ಹೀಗಾಗದಂತೆ ಎಚ್ಚರ ಅಗತ್ಯ.

ಹಳೆಯ ಆಯುಧಕ್ಕೆ ಬದಲಾಗಿ ಹೊಸ ರೈಫಲ್ ಕೊಳ್ಳುವುದು ಬಹಳ ಮಂದಿಗೆ ಸೂಕ್ತ ಮಾರ್ಗ. ಹಳೆಯದನ್ನು ಮಾರುವ ಅಥವಾ ವರ್ಗಾಯಿಸುವ ಮೊದಲು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಠಾಣಾಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡಿ 45 ದಿನ ಕಾಯತಕ್ಕದ್ದು. ಕೊಳ್ಳುವವರು ಅದೇ ವರ್ಗದ ಆಯುಧಕ್ಕೆ ಪರವಾನಗಿ ಹೊಂದಿರಬೇಕು. ಬೆಳೆ ರಕ್ಷಣೆಗೆ ಮದ್ದಿನ ಕೋವಿ, ಸ್ವರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು ಕೋರುವವರಿಗೆ ಕಾಯ್ದೆಯ 13ನೇ ಕಲಂ ಹೆಚ್ಚು ಉದಾರವಾಗಿದೆ. ರೈಫಲ್ ಕೋರುವವರು ಅದರ ಅವಶ್ಯಕತೆಯನ್ನು ಸಕಾರಣವಾಗಿ ತೋರಿಸಬೇಕಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಇತರ ಅಂಶಗಳು

ಪರವಾನಗಿಯ ಅವಧಿ ಈಗ 5 ವರ್ಷ. ಹಳೆಯ ಪುಸ್ತಕ ರೂಪದ ಪರವಾನಗಿಗಳು ರಾಷ್ಟ್ರೀಯ ದತ್ತಾಂಶದಲ್ಲಿ ಸೇರ್ಪಡೆಯಾಗಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆದಿರಬೇಕು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 34ನೇ ಕಲಂ ಅನೇಕರ ಗಮನಕ್ಕೆ ಬಂದಿಲ್ಲ. ಅಭಯಾರಣ್ಯದಲ್ಲಿ ಅಥವಾ ಅದರ 10 ಕಿ.ಮೀ. ವ್ಯಾಪ್ತಿಯಲ್ಲಿ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿ ಬೇಕು. ಜೋಗಿಮಟ್ಟಿ ಅಭಯಾರಣ್ಯವು 2015ರಲ್ಲಿ ಘೋಷಣೆಯಾಗಿರುವುದರಿಂದ ಚಿತ್ರದುರ್ಗದ ಸುತ್ತಲಿನ ಗ್ರಾಮಗಳ ಅರ್ಜಿದಾರರು ತಮ್ಮ ಗ್ರಾಮ ಈ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು. ಬೆಳೆ ರಕ್ಷಣೆಯ ಪರವಾನಗಿಯು ಕಾಡುಪ್ರಾಣಿಗಳನ್ನು ಕೊಲ್ಲಲು ಅನುಮತಿಯಲ್ಲ.

ಆಯುಧ ಪೂಜೆಯ ದಿನ ಪರವಾನಗಿಯುಳ್ಳ ಬಂದೂಕನ್ನು ಮನೆಯಲ್ಲಿ ಪೂಜಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಹಬ್ಬ, ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ಒಡ್ಡುವುದು ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಪರವಾನಗಿಯಿಲ್ಲದೆ ಬಂದೂಕು ಹೊಂದಿರುವುದಕ್ಕೆ ಎರಡರಿಂದ ಐದು ವರ್ಷ, ನಿಷೇಧಿತ ಆಯುಧವಾದಲ್ಲಿ ಏಳರಿಂದ ಹದಿನಾಲ್ಕು ವರ್ಷ ಸೆರೆವಾಸವಿದೆ.

ಮನೆ ಕೆಡವುವಾಗ, ಬಾವಿ ಹೂಳೆತ್ತುವಾಗ ಆಯುಧಗಳು ದೊರೆತರೆ ಅವುಗಳನ್ನು ಮುಟ್ಟದೆ ಪೊಲೀಸರಿಗೆ ತಿಳಿಸತಕ್ಕದ್ದು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳು ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಮಿಕ್ಕಿದ ಯುದ್ಧ ರಾಕೆಟ್‌ಗಳು ಹೊರಬಂದು ಪುರಾತತ್ತ್ವ ಇಲಾಖೆಯ ವಶಕ್ಕೆ ಸೇರಿದವು. ನೂರು ವರ್ಷ ಮೀರಿದ, ಐತಿಹಾಸಿಕ ಮೌಲ್ಯದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನಿಷಿದ್ಧ. ವಿದೇಶದಲ್ಲಿ ನೆಲೆಸಿರುವ ಮಕ್ಕಳು ಅಜ್ಜನ ನೆನಪಿಗೆಂದು ಕೇಳಿದರೂ ಕಳುಹಿಸುವಂತಿಲ್ಲ.

ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು ಹಾಗೂ ಸಾರ್ವಜನಿಕ ಹಿತಾಸಕ್ತಿಗೆ ಧಕ್ಕೆಯಾಗದಿದ್ದಲ್ಲಿ, ಅರ್ಜಿದಾರರು ಕೇಳಿದಾಗ ಅವುಗಳನ್ನು ಸಂಕ್ಷಿಪ್ತವಾಗಿ ನೀಡಬೇಕು. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಹೇಳುತ್ತದೆ. ಆದೇಶದ ವಿರುದ್ಧ 18ನೇ ಕಲಂ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. ಅವಧಿ 30 ದಿನಗಳು ಮಾತ್ರ ಆಗಿರುವುದರಿಂದ ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳುವುದು ಉತ್ತಮ. ಮೇಲ್ಮನವಿ ಇತ್ಯರ್ಥವಾಗುವವರೆಗೆ ಆಯುಧವು ಠೇವಣಿಯಲ್ಲಿಯೇ ಇರತಕ್ಕದ್ದು.